ಒಂದು ಬೆರಳಷ್ಟು ಓರೆ

ಗೋಡೆಯ ಮೇಲೆ ಕ್ಯಾಲೆಂಡರು ಓರೆಯಾಗಿ ನೇತಾಡುತ್ತಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಅದು ನಮ್ಮ ಮನೆಯ ಗೋಡೆಯೇ ಆಗಿರಬೇಕೆಂಬ ಕಟ್ಟುಪಾಡೂ ಇಲ್ಲ. ನಾವಿರುವ ಈ ಕೊಲ್ಲಿ ದೇಶದ ಅಲ್ ಮುಂತಜಾ ಬಡಾವಣೆಯ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡಕ್ಕೆ ನೊರೆ ಮೆತ್ತಿಸಿಕೊಂಡು ಕೂತವನು ಎದ್ದುಹೋಗಿ ಎದುರಿನ ಕನ್ನಡಿಯನ್ನು ನೇರ ಮಾಡಿ ಬಂದ ಅಪಕೀರ್ತಿ ನನ್ನದು. ಮುಶೈರಿಬಿನ ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ತಿದ್ದುವುದೇ ವೃತ್ತಿಯಾದ್ದರಿಂದ ವಕ್ರತೆಯ ಬಗೆಗಿನ ನನ್ನ ಈ ಅಸಹನೆಗೆ ಸಂಬಳವೂ ಸಿಗುತ್ತದೆ. ಹೀಗಿದ್ದೂ, ಓದುಗರೇ, ಹೋದ ಚಳಿಗಾಲದಲ್ಲಿ ಒಂದು ಬೆರಳಷ್ಟು ಓರೆ ನನ್ನನ್ನು ಚೆನ್ನಾಗಿ ಆಟವಾಡಿಸಿತು.

ಆ ಓರೆ ಇದ್ದದ್ದು ಹಸನಬ್ಬನವರ ಕ್ಯಾರವಾನಿನಲ್ಲಿ, ಅಂದರೆ ಅವರ ಗಾಲಿಮನೆಯಲ್ಲಿ. ಉಳ್ಳಾಲದ ಹಸನಬ್ಬನವರು ಐನ್ ಖಾಲಿದ್‌ನಲ್ಲಿ ನಮ್ಮ ನೆರೆಯವರು. ಮೂವತ್ತು ವರ್ಷಗಳಿಂದ ಇಲ್ಲಿ ಬಿಡಿಭಾಗ ಮಾರುತ್ತ ವಾಹನಗಳ ಒಳಗುಟ್ಟನ್ನೆಲ್ಲ ಬಲ್ಲವರು. ಮರುಭೂಮಿಯಲ್ಲಿ ಎರಡು ದಿನ ಬಿಡಾರ ಹೂಡಲು ತಮ್ಮ ಗಾಡಿಯನ್ನು ನಮಗೆ ಕೊಡಲೊಪ್ಪಿದ್ದರು. ಅದಕ್ಕೊಂದು ಜಾರುಕೋಣೆ ಇದೆ: ಗಾಡಿ ನಿಂತಾಗ ಗುಂಡಿ ಒತ್ತಿದರೆ ಪಕ್ಕದ ಗೋಡೆ ಹಾಸಿಗೆಯ ಸಮೇತ, ಮೇಜಿನ ಖಾನೆಯ ಹಾಗೆ, ಹೊರಕ್ಕೆ ಜಾರುತ್ತದೆ, ಹೊರಡುವಾಗ ಮತ್ತೆ ಒಳಸೇರುತ್ತದೆ. ಹದಿನಾಲ್ಕರ ನನ್ನ ಮಗಳು ಅನಘಾ ಅದನ್ನು ಕಂಡು, "ಅಪ್ಪಾ, ಆ ರೂಮ್ ನಂಗೆ" ಎಂದಳು. ಎರಡು ವರ್ಷಗಳಿಂದ ನನ್ನೊಡನೆ 'ಹ್ಞೂಂ', 'ಊಹ್ಞೂಂ'ಗಳಲ್ಲೇ ವ್ಯವಹಾರ ಮುಗಿಸುತ್ತಿದ್ದ ಹುಡುಗಿ ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು. ಈ ಎರಡು ದಿನಗಳಲ್ಲಾದರೂ ಅವಳು ನನ್ನ ಜೊತೆ ನಾಲ್ಕು ಮಾತಾಡಿಯಾಳು ಎಂಬ ಆಸೆಯಿಂದ ನಾನು ಇಡೀ ವಾರ ಕಳೆದಿದ್ದೆ.

ಶುಕ್ರವಾರ ಬೆಳಿಗ್ಗೆ, ಹೆಂಡತಿ ಮನೆಯಲ್ಲಿ ಪುಳಿಯೋಗರೆ ಕಲೆಸುತ್ತಿದ್ದಾಗ, ಹಸನಬ್ಬನವರ ಅಂಗಳದಲ್ಲಿ ನಿಂತಿದ್ದ ಗಾಡಿಯೊಳಗೆ ಅನಘಾ ಗುಂಡಿ ಒತ್ತಿದಳು. ಕೋಣೆಯ ಮುಂದಿನ ಅಂಚು ಹೊರಗೆ ಬಂತು. ಹಿಂದಿನ ಅಂಚು ಒಂದು ಬೆರಳಷ್ಟು ಹಿಂದೆಯೇ ಉಳಿಯಿತು. ವಾಪಸು ಎಳೆದರೂ ಅದೇ ಸೊಟ್ಟ. ಹಸನಬ್ಬನವರು ಗಡ್ಡ ನೀವಿಕೊಂಡು, "ಹೀಗೆ ಇದ್ರೆ ಇದನ್ನು ರಸ್ತೆಗೆ ತೆಗಿಲಿಕ್ಕೆ ಆಗುದಿಲ್ಲ ಸಾರ್. ನಾನು ಜುಮಾ ನಮಾಜಿಗೆ ಹೋಗುವ ಮೊದಲು ರಿಪೇರಿ ಆದ್ರೆ ಹೋಗಿ, ಇಲ್ಲದಿದ್ರೆ ಟ್ರಿಪ್ಪು ಖಲಾಸ್" ಎಂದರು. ಮಗಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ನಾನು ಕೋಣೆಯನ್ನು ನೂಕಲು ಭುಜ ಕೊಟ್ಟಾಗ ಹಸನಬ್ಬನವರು ತಡೆದರು. ಓರೆಯಾದದ್ದನ್ನು ನೂಕುವ ಮುನ್ನ ಅದು ನಿಂತ ನೆಲವನ್ನು ನೋಡಬೇಕಂತೆ. ರಸಮಟ್ಟ ತಂದು ಗಾಡಿಯೊಳಗಿಟ್ಟರು. ಇಷ್ಟು ಸೊಗಸಾದ ಹೆಸರಿನ ಉಪಕರಣ ಕನ್ನಡದಲ್ಲಿ ಇನ್ನೊಂದಿರಲಾರದು. ಪಂಡಿತರು ಕಾವ್ಯದಲ್ಲಿ ಜನ್ಮವಿಡೀ ಅರಸುವ ರಸದ ಮಟ್ಟವನ್ನು ಇದು ಒಂದು ಗುಳ್ಳೆಯಲ್ಲಿ ತೋರಿಸಿಬಿಡುತ್ತದೆ. ಗುಳ್ಳೆ ಒಂದು ಬದಿಗೆ ಓಡಿತು. ಗಾಡಿಯೇ ವಾಲಿ ನಿಂತಿತ್ತು. ಜ್ಯಾಕು ಕೊಟ್ಟು ಮಟ್ಟ ಮಾಡಿದೆವು, ಕೋಣೆ ಜಾರುವ ಹಳಿಯೊಳಗಿನ ಮರಳನ್ನು ಗುಡಿಸಿದೆವು, ಸಂದು ಅರ್ಧಕ್ಕಿಳಿಯಿತು. ಉಳಿದರ್ಧದ ಮೂಲ ಗಾಡಿಯ ಅಡಿಯಲ್ಲಿತ್ತು: ಕೋಣೆಯ ಎರಡು ತುದಿಗಳನ್ನು ಒಟ್ಟಿಗೆ ನೂಕಬೇಕಾದ ಎರಡು ತೋಳುಗಳ ಪೈಕಿ ಹಿಂದಿನದರ ಬೋಲ್ಟು ಸಡಿಲಾಗಿ ಅದು ಪ್ರತಿಸಲ ಹಿಂದೆ ಬೀಳುತ್ತಿತ್ತು. ಬೋಲ್ಟು ಬಿಚ್ಚಿ, ಹಿಂದಿನ ಅಂಚನ್ನು ಕೈಯಿಂದ ಮುಂದಿನದಕ್ಕೆ ಸಮ ಮಾಡಿ, ಮತ್ತೆ ಬಿಗಿದೆವು. ಇನ್ನು ಮೋಟಾರು ಓಡಿಸಿ ನೋಡಬೇಕು. ಹೊರಗೆ ನಿಂತು ನೋಡುವ ಹೊಣೆ ನನ್ನದು, ಒಳಗೆ ಗುಂಡಿ ಒತ್ತುವ ಹೊಣೆ ಅನಘಾಳದು. ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತೂ ಮೋಟಾರು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ.

ಕೋಣೆ ಮೆಲ್ಲನೆ ಒಳಹೋಗತೊಡಗಿತು. ಎರಡೂ ಅಂಚು ಗೋಡೆಗೆ ಸಮವಾಗಿ ಕೂತ ಕ್ಷಣ ನಾನು "ಸರಿ" ಎಂದು ಕೂಗಿದೆ. ಮೋಟಾರು ನಿಲ್ಲಲಿಲ್ಲ. "ಸರಿ, ಸರಿ" ಎಂದು ಗಂಟಲು ಹರಿದುಕೊಂಡೆ. ಕೋಣೆ ನರಳಿತು, ಅಂಚಿನ ರಬ್ಬರು ಮಡಚಿಕೊಂಡಿತು. ಪಕ್ಕದಲ್ಲಿದ್ದ ಹಸನಬ್ಬನವರು "ಖಲಾಸ್, ಬಿಡು ಮಗಳೇ" ಎಂದಾಗಲೇ ಅದು ನಿಂತದ್ದು.

"ಸರಿ ಅಂದೆನಲ್ಲ, ಯಾಕೆ ಬಿಡಲಿಲ್ಲ?" ಎಂದು ರೇಗಿದೆ.

"ಸರಿ ಅಂದ್ರೆ ಮೂವ್ ಮಾಡು ಅಂತಾನೂ ಅಲ್ವಾ?" ಎಂದಳು ಅನಘಾ.

ನನಗೆ ಕೋಪ ಇಳಿದು ಕುತೂಹಲ ಏರಿತು. ಹೌದಲ್ಲ, ನೆಟ್ಟಗಿದೆ ಎನ್ನುವುದಕ್ಕೂ ಅತ್ತ ಹೋಗು ಎನ್ನುವುದಕ್ಕೂ ಎರಡಕ್ಷರದ ಒಂದೇ ಮಾತನ್ನಿಟ್ಟುಕೊಂಡು ನಾವು ಇಷ್ಟು ಕಾಲ ನಿಶ್ಚಿಂತೆಯಿಂದ ಬಾಳಿದ್ದೇವೆ. ಈ ಶ್ಲೇಷೆಯನ್ನು ಎಲ್ಲಿ ಕಲಿತೆ ಎಂದು ಕೇಳಿದೆ. ಅವಳಿಗೆ ಐದು ವರ್ಷವಾಗಿದ್ದಾಗ ಮೈಸೂರಿನಿಂದ ಬಂದಿದ್ದ ಅಜ್ಜಿ ಅವಳ ಹಾಸಿಗೆಯಲ್ಲೇ ಮಲಗುತ್ತಿದ್ದರು. ದಿನವೂ "ಸ್ವಲ್ಪ ಸರಿ ಪುಟ್ಟಿ" ಎನ್ನುತ್ತಿದ್ದರಂತೆ. ಈ ಭಾಷಾವಿನೋದವನ್ನು ನಾನು ಹಸನಬ್ಬನವರಿಗೆ ಸಾಲಂಕಾರವಾಗಿ ವಿವರಿಸಲು ಹೊರಟಾಗ ಅವಳು ಇನ್ನೊಂದು ಮಾತು ಸೇರಿಸಿದಳು.

"ಆಗ ನಾನು ಸ್ಕೂಲ್‌ದು ಏನಾದ್ರೂ ಹೇಳ್ತಿದ್ರೆ, ನೀನು ಲ್ಯಾಪ್‌ಟಾಪ್ ನೋಡ್ಕೊಂಡು ಸರಿ, ಸರಿ ಅಂತಿದ್ದೆ. ಅದಕ್ಕೆ ನಾನು ಎದ್ದು ಹೋಗ್ತಿದ್ದೆ. ಆಮೇಲೆ ಮೀನಿಂಗ್ ಗೊತ್ತಾಯ್ತು. ಅಷ್ಟರಲ್ಲಿ ಅಭ್ಯಾಸ ಆಗಿತ್ತು."

ದೂರುವ ದನಿಯಲ್ಲ, ನೆನಪಾದದ್ದನ್ನು ಹೇಳಿದಳು, ಅಷ್ಟೆ. ನೀನು ತಪ್ಪು ತಿಳಿದೆ ಮಗೂ ಎನ್ನುವಂತಿರಲಿಲ್ಲ. ಆಗ ನನ್ನ ಮನಸ್ಸಿನಲ್ಲಿದ್ದ ಅರ್ಥವೂ ಅತ್ತ ಹೋಗು ಎಂಬುದೇ ಆಗಿತ್ತು.

"ಯಲ್ಲಾ ಅಂದ್ರೆ ಒತ್ತುದು, ಖಲಾಸ್ ಅಂದ್ರೆ ಬಿಡುದು. ಈ ಕೆಲಸಕ್ಕೆ ನಿಮ್ಮ ಕನ್ನಡ ಬೇಡ ಮಾರಾಯ್ರೆ" ಎಂದು ಹಸನಬ್ಬನವರು ಹೊಸ ವ್ಯಾಕರಣ ವಿಧಿಸಿದರು. ಮಡಚಿದ ರಬ್ಬರನ್ನು ಬಿಡಿಸಿ, ಬೋಲ್ಟನ್ನು ಇನ್ನೊಂದು ಕಾಲು ಸುತ್ತು ಬಿಗಿದು, ಅವರು ನಮಾಜಿಗೆ ಹೊರಡುವ ಹೊತ್ತಿಗೆ ಕೋಣೆ ಒಳಗೂ ಹೊರಗೂ ನಾಲ್ಕು ಮೂಲೆಗಳಲ್ಲಿ ಒಂದೇ ಸಮ ಕೂರುತ್ತಿತ್ತು.

ಹೊರಜಾರಿದ ಕೋಣೆಯ ಹಾಸಿಗೆಯ ಮೇಲೆ ಅನಘಾ ಚಕ್ಕಳಮಕ್ಕಳ ಹಾಕಿ ಕೂತಳು. ನಾನು ಎಣ್ಣೆಯಾದ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತು, "ಸ್ಕೂಲಲ್ಲಿ ಏನು ನಡೀತಿದೆ?" ಎಂದು ಕೇಳಿದೆ, ಕ್ಷಮೆ ಕೇಳಲು ಬಾರದ ಅಪ್ಪಂದಿರು ಕೇಳುವ ಪ್ರಶ್ನೆ ಅದು. ಅವಳು ನನ್ನನ್ನೊಮ್ಮೆ, ನನ್ನ ಕಿಸೆಯ ಫೋನನ್ನೊಮ್ಮೆ ನೋಡಿದಳು. ಫೋನು ತೆಗೆದು ಆಚೆಗಿಟ್ಟೆ. ಅವಳು ಕಾಲು ಮಡಚಿಕೊಂಡು ಹಾಸಿಗೆಯ ಗೋಡೆಬದಿಗೆ ಹೋದಳು.

"ಸರಿದಿದೀನಿ, ಬಾ ಅಪ್ಪಾ" ಎಂದಳು. "ತುಂಬಾ ಉದ್ದ ಇದೆ ಸ್ಟೋರಿ."