ಗರಗಸಕ್ಕೆ ಕಟ್ಟಿದ ಅರಿಶಿನದ ದಾರ

ಐದಾರು ವರ್ಷದ ಹಿಂದಿನ ಮಾತು. ನಾನು ಆಗ ಕೊಳ್ಳೇಗಾಲದಲ್ಲಿ ಚೈನ್ ಸಾ ಎಂಬ ಯಂತ್ರದ ಗರಗಸಗಳ ರಿಪೇರಿ ಮಾಡುತ್ತಾ, ಸುತ್ತಲಿನ ಮರ ಕುಯ್ಯುವವರಿಗೆ ಅದರ ತರಬೇತಿಯನ್ನೂ ಕೊಡುತ್ತಿದ್ದೆ. ದೆವ್ವ ಭೂತದ ಮಾತೆತ್ತಿದವರನ್ನು ಗೇಲಿ ಮಾಡುವುದು ನನ್ನ ಚಾಳಿ. ಒಂದು ಬೆಳಿಗ್ಗೆ ಕೌದಳ್ಳಿಯಿಂದ ಮರ ಕುಯ್ಯುವ ಮಹದೇವ ಫೋನ್ ಮಾಡಿದ.

“ಸಾ, ಮಿಷನ್ಗೆ ಏನೋ ಸೇರ್ಕಂಡದೆ. ಕೈ ಬುಟ್ರೂ ಚೈನು ತಿರುಗ್ತಾನೇ ಅದೆ.”

ನನಗೆ ನಗು ಬರಲಿಲ್ಲ. ಮೂರು ತಿಂಗಳ ಹಿಂದೆ ಅದೇ ಗರಗಸ ಮೇಲಕ್ಕೆ ಸಿಡಿದು ಅವನ ಅಣ್ಣ ಸಿದ್ದರಾಜುವಿನ ಕುತ್ತಿಗೆ ಸೀಳಿತ್ತು. ಆಸ್ಪತ್ರೆ ಸೇರುವ ಮೊದಲೇ ಜೀವ ಹೋಗಿತ್ತು. ಆಮೇಲೆ ಯಂತ್ರ ತೊಳೆದು, ಹೊಸ ಚೈನ್ ಹಾಕಿ ಕೊಟ್ಟವನು ನಾನೇ.

ಹೋದಾಗ ಮಟಮಟ ಮಧ್ಯಾಹ್ನ. ಹೊಲದಲ್ಲಿ ಹುಣಸೆಮರ ಉರುಳಿ ಬಿದ್ದಿತ್ತು, ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಮಹದೇವ ಸ್ಟಾರ್ಟ್ ಮಾಡಿ, ಯಂತ್ರವನ್ನು ನೆಲದ ಮೇಲಿಟ್ಟು ಕೈ ತೆಗೆದ. ಆಕ್ಸಿಲರೇಟರ್ ಒತ್ತದಿದ್ದಾಗ ಚೈನ್ ನಿಂತಿರಬೇಕು. ನಿಲ್ಲಲಿಲ್ಲ. ಹಲ್ಲು ಮಣ್ಣು ಕಚ್ಚಿ, ಯಂತ್ರ ತಾನಾಗಿಯೇ ತೆವಳುತ್ತಾ ಎದುರಿಗೆ ನಿಂತಿದ್ದ ಸಿದ್ದರಾಜುವಿನ ಹೆಂಡತಿ ರಾಜಮ್ಮನ ಕಡೆಗೆ ಹೊರಟಿತು. ಆಕೆ ಹಿಂದೆ ಸರಿಯಲೇ ಇಲ್ಲ.

“ನಮ್ಮೆಜಮಾನ್ರೇ ಸಾ, ನನ್ನ ಕರೀತಾವ್ರೆ” ಎಂದರು.

ನಾನು ಓಡಿ ಹೋಗಿ ಸ್ವಿಚ್ ಆಫ್ ಮಾಡಿದೆ.

ಬಿಚ್ಚಿ ನೋಡಿದರೆ, ಎಂಜಿನ್ನಿನಿಂದ ಚೈನನ್ನು ಬಿಡಿಸುವ ಕ್ಲಚ್ಚಿನ ಸ್ಪ್ರಿಂಗ್ ತುಂಡಾಗಿತ್ತು. ಹೊಸದು ಹಾಕಿದ ಮೇಲೆ ಚೈನ್ ನಿಂತಿತು. ಇನ್ನೇನು ಮುಗಿಯಿತೆಂದು ಚೈನ್ ಬ್ರೇಕ್ ನೋಡಲು ಮುಂದಿನ ಗಾರ್ಡ್ ತಳ್ಳಿದೆ. ಗರಗಸ ಮುಖದ ಕಡೆ ಸಿಡಿದರೆ ಈ ಗಾರ್ಡ್ ಮುಂದಕ್ಕೆ ಬಾಗಿ ಚೈನನ್ನು ತಕ್ಷಣ ನಿಲ್ಲಿಸುತ್ತದೆ. ಅದು ಅಲುಗಲಿಲ್ಲ. ಗಾರ್ಡನ್ನೂ ಹಿಡಿಯನ್ನೂ ಸೇರಿಸಿ ಅರಿಶಿನದ ದಾರ ಬಿಗಿದಿತ್ತು.

“ನಾನೇ ಕಟ್ಟಿವ್ನಿ ಸಾ” ಎಂದರು ರಾಜಮ್ಮ. “ಒಬ್ಬರುನ್ನ ಕಳ್ಕಂಡಾಗದೆ. ಮೈದ್ನನ್ನಾದ್ರೂ ಕಾಪಾಡ್ಲಿ ಅಂತ.”

ಆ ದಾರ ಬ್ರೇಕನ್ನೇ ಹಿಡಿದಿಟ್ಟಿದೆ ಎಂದು ತಿಳಿಸಿ ಹೇಳಿದೆ. ಆಕೆಯೇ ಕೂತು ಗಂಟು ಬಿಚ್ಚಿದರು. ಮಹದೇವ ಹೆಲ್ಮೆಟ್ ಹಾಕಿಕೊಂಡು ಒಂದು ಕೊಂಬೆಗೆ ಗರಗಸ ಇಟ್ಟ. ಗರಗಸದ ತುದಿ ಹಿಂದಿದ್ದ ಇನ್ನೊಂದು ಕೊಂಬೆಗೆ ತಗುಲಿತು. ಯಂತ್ರ ಅವನ ಕುತ್ತಿಗೆಯ ಕಡೆಗೆ ಎಗರಿತು. ಗಾರ್ಡ್ ಟಕ್ ಎಂದಿತು. ಚೈನ್ ಗಂಟಲಿನಿಂದ ಗೇಣು ದೂರದಲ್ಲಿ ನಿಂತಿತ್ತು.

ಮಹದೇವ ಯಂತ್ರ ಆಫ್ ಮಾಡಿ ಕೆಳಗಿಟ್ಟ. ರಾಜಮ್ಮ ಕೈಯಲ್ಲಿದ್ದ ದಾರವನ್ನು ನೋಡುತ್ತಾ ಮೆಲ್ಲಗೆ ಕೇಳಿದರು.

“ಆಯುಧಪೂಜೇಲೂ ಇಂಗೇ ಕಟ್ಟಿದ್ದೆ ಸಾ. ಅವ್ರು ತೀರ್ಕಂಡ ದಿನ ದಾರ ಇತ್ತಾ?”

ಇತ್ತು. ರಕ್ತ ತೊಳೆಯುವಾಗ ನಾನೇ ಅದನ್ನು ಕತ್ತರಿಸಿ ಬಿಸಾಡಿದ್ದೆ, ಏನೂ ಯೋಚಿಸದೆ. ಸಿದ್ದರಾಜು ಕೆಲಸ ಕಲಿತದ್ದು ನನ್ನ ಹತ್ತಿರವೇ. ಕಲಿಸುವಾಗ ಆ ಗಾರ್ಡ್ ತೋರಿಸಿ “ಇದು ಕೈಗೆ ರಕ್ಷಣೆ” ಎಂದಷ್ಟೇ ಹೇಳಿ, ಇದೇ ಬ್ರೇಕು ಎನ್ನದೆ ಮುಂದೆ ಹೋಗಿದ್ದೆ.

“ಇಲ್ಲಮ್ಮ, ಇರಲಿಲ್ಲ” ಎಂದೆ.

ಈಗ ನನ್ನ ತರಬೇತಿ ಶುರುವಾಗುವುದೇ ಗಾರ್ಡಿನಿಂದ. ಮನೆಯವರನ್ನೂ ಕರೆಸುತ್ತೇನೆ. ದಾರ ಕಟ್ಟಬೇಡಿ ಎನ್ನುವುದಿಲ್ಲ, ಯಂತ್ರ ಇಡುವ ಪೆಟ್ಟಿಗೆಗೆ ಕಟ್ಟಿ ಎನ್ನುತ್ತೇನೆ. ಕಲಿಸುವವನು ಅವಸರದಲ್ಲಿ ಹೇಳದೆ ಬಿಟ್ಟ ಒಂದು ಮಾತಿಗೆ ಜೀವ ಹೋಗುತ್ತದೆ, ಈ ಕೆಲಸ ನನಗೆ ಕಲಿಸಿದ್ದು ಇದು. ಹೋದ ವರ್ಷ ಹನೂರಿನ ತರಬೇತಿಗೆ ರಾಜಮ್ಮನೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಗಾರ್ಡಿಗೆ ದಾರ ಬಿಗಿದರೆ ಬ್ರೇಕ್ ಹಿಡಿಯುವುದಿಲ್ಲ ಎಂದು ಹೇಳುವಾಗ ನಾನು ಹಿಂದಿನ ಸಾಲಿನ ಕಡೆ ನೋಡಿದೆ. ಆಕೆ ನನ್ನನ್ನೇ ನೋಡುತ್ತಿದ್ದರು.