ಹೂವಿನ ವ್ಯಾನು ಹೊರಡಿಸಿದ ರಾಮಕ್ಕ

ತಮಿಳು ಸೀಮೆಯ ಗಡಿಯಂಚಿನಲ್ಲಿ, ಬೇರಿಕೆಯಿಂದ ಒಳಕ್ಕೆ ತಿರುಗುವ ದಾರಿಯಲ್ಲಿ ಗುಂಡ್ಲಹಳ್ಳಿಯೇ ಕೊನೆಯ ಊರು. ಆ ಊರಿನ ಬೆಳಗಿನ ಬಸ್ಸು ನಿಂತುಹೋದಾಗ ಗಂಡಸರು ಟೀ ಅಂಗಡಿಯಲ್ಲಿ ಕೂತು ಬೈದರು. ಹೊಸೂರಿಗೆ ಹೋಗಿ ಕೇಳಿ ಬಂದವಳು ರಾಮಕ್ಕ ಒಬ್ಬಳೇ. ಡಿಪೋದ ಕಿಟಕಿಯ ಹಿಂದಿದ್ದವನು ತಲೆ ಎತ್ತದೆ, "ಬಸ್ಸೂ ಇಲ್ಲೆ, ಡ್ರೈವರೂ ಇಲ್ಲೆ, ಪಣಮೂ ಇಲ್ಲೆಮ್ಮಾ" ಎಂದು ತಮಿಳಿನಲ್ಲಿ ದುಡ್ಡಿನ ತನಕ ಎಲ್ಲಕ್ಕೂ ಇಲ್ಲವೆಂದ. ರಾಮಕ್ಕ ವಾದಕ್ಕೆ ನಿಲ್ಲದೆ ತಿರುಗಿ ಬಂದಳು. ಇಲ್ಲ ಅಂದವನ ಮುಂದೆ ಕೈಕಟ್ಟಿ ನಿಲ್ಲುವುದು ಅವಳ ಜಾಯಮಾನವಲ್ಲ.

ಅವಳು ಹೊಸೂರಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವಳು. ಮೊದಲ ಶಿಫ್ಟಿನವರು ಒಳಗೆ ಬರುವಷ್ಟರಲ್ಲಿ ಇಡ್ಲಿ ಬೆಂದಿರಬೇಕು. ತಡವಾದವಳನ್ನು ಕಂಟ್ರಾಕ್ಟರ್ ಗೇಟಿನಿಂದಲೇ ಹಿಂದಕ್ಕೆ ಕಳಿಸುತ್ತಿದ್ದ. ಗಂಡ ಪಾಪಯ್ಯ ಮನೆಗಾಗುವಷ್ಟು ರಾಗಿ ಬೆಳೆಯುತ್ತಿದ್ದ, ಮಿಕ್ಕಿದ್ದೆಲ್ಲ ಅವಳ ದುಡಿಮೆ. ಹಬೆಯ ನಡುವೆ ನಿಂತು ಕೈಕೆಳಗಿನ ಹೆಂಗಸರಿಗೆ ಅಪ್ಪಣೆ ಕೊಡುವ ಆ ಕೆಲಸವನ್ನು ಅವಳು ಪ್ರಾಣಕ್ಕಿಂತ ಹೆಚ್ಚಾಗಿ ಕಾಪಾಡಿಕೊಂಡಿದ್ದಳು.

ಕೆಲವು ದಿನ ಬೇರಿಕೆಯ ತನಕ ನಡೆದು ಅಲ್ಲಿಂದ ಹೊಸೂರಿನ ಬಸ್ಸು ಹಿಡಿದಳು. ಹೋಗುವಾಗ ಬರುವಾಗ ಪಕ್ಕದಲ್ಲಿ ಹಾದುಹೋಗುವ ಗಾಡಿಗಳನ್ನು ಗಮನಿಸಿದಳು. ಹಾಲಿನ ವ್ಯಾನು ಮಧ್ಯಾಹ್ನ ಖಾಲಿ ಕ್ಯಾನು ಅಲ್ಲಾಡಿಸಿಕೊಂಡು ಹೊಸೂರಿನ ಕಡೆಗೆ ಓಡುತ್ತಿತ್ತು. ಸಂಜೆ ಶಿಫ್ಟಿನವರನ್ನು ಕರೆದೊಯ್ಯಲು ಹೊಸೂರಿನಿಂದ ಬರುವ ಕಂಪನಿ ಬಸ್ಸಿನಲ್ಲಿ ಡ್ರೈವರನನ್ನು ಬಿಟ್ಟರೆ ನರಪಿಳ್ಳೆ ಇರುತ್ತಿರಲಿಲ್ಲ. ದೊಡ್ಡವೆಂಕಟಪ್ಪನ ಹೂವಿನ ವ್ಯಾನಂತೂ, ಯಾವುದೋ ಸ್ಕೂಲಿನವರು ಮಾರಿದ ಹಳೇ ಗಾಡಿ, ಸೇವಂತಿಗೆ ರೋಜಾ ಮೂಟೆಗಳನ್ನು ತುಂಬಿಕೊಂಡು ಅವಳು ಹೋಗಬೇಕಾದ ಹೊತ್ತಿಗೆ ಸರಿಯಾಗಿ ಹೊಸೂರಿಗೇ ಹೋಗುತ್ತಿತ್ತು. ಅದರಿಂದ ಕಿತ್ತ ಸೀಟುಗಳು ಅವನ ಕೊಟ್ಟಿಗೆಯಲ್ಲಿ ಕೋಳಿಗಳ ಕೆಳಗೆ ಬಿದ್ದಿದ್ದವು. ಸರ್ಕಾರದ ಬಸ್ಸನ್ನು ಯಾಕೆ ಕಾಯಬೇಕು, ಊರ ಮುಂದೆ ಓಡಾಡುವುದನ್ನೇ ಹೊಂದಿಸಿಕೊಂಡರಾಯಿತು ಎಂದು ಅವಳಿಗೆ ಹೊಳೆಯಿತು.

ಹಾಲಿನವನೂ ಕಂಪನಿ ಬಸ್ಸಿನವನೂ ಎರಡು ಮಾತಿಗೆ ಒಪ್ಪಿದರು. ದೊಡ್ಡವೆಂಕಟಪ್ಪ ಹಲ್ಲಿಗೆ ಕಡ್ಡಿ ಹಾಕಿಕೊಂಡು ಯೋಚಿಸಿದ.

"ಸೀಟು ಹಾಕ್ಸಣ್ಣ. ಡೀಸೆಲ್ಲು ಕೂತೋರು ನೋಡ್ಕತಾರೆ," ಎಂದಳು ರಾಮಕ್ಕ.

"ಹಾಕ್ಸಬೋದು. ಆದ್ರೆ ನನ್ನ ಹೂವು ದೇವ್ರಿಗೆ ಹೋಗೋದು ಕಣಮ್ಮ. ಹೊರಗಾದೋರು ಮೂಟೆ ಪಕ್ಕ ಬಂದು ಕೂತ್ರೆ? ನಾನು ಗಂಡ್ಸು, ಯಾರನ್ನ ಏನಂತ ಕೇಳ್ಲಿ?"

"ನೀನ್ಯಾಕೆ ಕೇಳ್ತೀಯ. ನಾನಿವ್ನಿ."

ಅವಳು ಮಾಡಿದ ಉಪಾಯ ಇದು. ತಿಂಗಳ ಆ ದಿನಗಳಲ್ಲಿ ಆ ಕಡೆಯ ಹೆಂಗಸರು ತಲೆಗೆ ಹೂವು ಮುಡಿಯುವುದಿಲ್ಲ. ಆದ್ದರಿಂದ ವ್ಯಾನಿನ ಬಾಗಿಲಲ್ಲೇ ಪ್ರತಿ ಹೆಂಗಸಿಗೂ ಒಂದು ತುಂಡು ಹೂವು ಕೊಡುವುದು. ಮುಡಿದವಳು ಹತ್ತುವುದು, ಬೇಡವೆಂದವಳು ನಡೆಯುವುದು. ಬಾಯಿಬಿಟ್ಟು ಕೇಳುವ ಗೋಜಿಲ್ಲ. ಗಂಡ ಸತ್ತವರ ಪ್ರಶ್ನೆಯೂ ಅದರಲ್ಲೇ ಮುಗಿಯಿತು. "ಅವ್ರಿಗೇನು ಶಿಫ್ಟಾ? ಮಧ್ಯಾಹ್ನ ಹಾಲಿನ ವ್ಯಾನೈತೆ, ಅದ್ರಲ್ಲಿ ಹೋಗ್ಲಿ," ಎಂದಳು ರಾಮಕ್ಕ.

"ನೀನು ಕೃಷ್ಣಗಿರಿನಾಗೆ ಕಲೆಕ್ಟರಾಗಿರಬೇಕಿತ್ತು," ಎಂದು ದೊಡ್ಡವೆಂಕಟಪ್ಪ ಕೋಳಿಗಳನ್ನು ಓಡಿಸಿ ಸೀಟು ತೆಗೆಸಿದ.

ವ್ಯಾನು ಓಡತೊಡಗಿತು. ರಾಮಕ್ಕ ಬಾಗಿಲಲ್ಲಿ ಹೂವಿನ ಬುಟ್ಟಿ ಹಿಡಿದು ನಿಲ್ಲುವಳು, ಎಲ್ಲರೂ ಕೂತ ಮೇಲೆ ಡ್ರೈವರ್ ಮುರಳಿಕೃಷ್ಣನ ಹಿಂದಿನ ಸೀಟಿನಲ್ಲಿ ತಾನು ಕೂರುವಳು. ಆ ಸೀಟಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ.

ಮೀಟರು ಜೋಡಿಸುವ ಕಾರ್ಖಾನೆಗೆ ಹೋಗುತ್ತಿದ್ದ ಸೌಮ್ಯ ಎಂಬ ಹುಡುಗಿ ಒಂದು ಬೆಳಿಗ್ಗೆ ಹೂವು ಮುಡಿದು ಹತ್ತಿ ಕೂತಳು. ಹಿಂದಿನ ದಿನವಷ್ಟೇ ಅವಳು ಜಗಲಿಯಲ್ಲಿ ಬೇರೆ ತಟ್ಟೆಯಲ್ಲಿ ಉಣ್ಣುವುದನ್ನು ರಾಮಕ್ಕ ನೋಡಿದ್ದಳು.

"ಇಳಿಯೇ," ಎಂದಳು.

ಸೌಮ್ಯ ಎದ್ದು ಬಂದು ಅವಳ ಕಿವಿಯ ಹತ್ತಿರ ಪಿಸುಗುಟ್ಟಿದಳು. "ಅಕ್ಕ, ಇವತ್ತು ಪರ್ಮನೆಂಟ್ ಮಾಡೋಕೆ ಕರೆದವ್ರೆ. ಇವತ್ತೊಂದಿನ. ನಿನ್ನ ಕಾಲಿಗೆ ಬೀಳ್ತೀನಿ."

"ಕಳ್ಳ ಹೂವು ಮುಡಿಯೋಕೆ ನಾಚ್ಕೆ ಆಗ್ಲಿಲ್ವಾ?" ರಾಮಕ್ಕ ಪಿಸುಗುಟ್ಟಲಿಲ್ಲ, ಇಡೀ ವ್ಯಾನಿಗೆ ಕೇಳುವಂತೆಯೇ ಹೇಳಿದಳು. ಕೈಚಾಚಿ ಹುಡುಗಿಯ ಜಡೆಯಿಂದ ಹೂವನ್ನು ಎಳೆದಳು. ಜೊತೆಗೆ ಒಂದೆರಡು ಕೂದಲೂ ಬಂದವು. ಸೀಟಿನಲ್ಲಿದ್ದ ಗಂಡಸರು ಕಿಟಕಿಯಾಚೆ ನೋಡಿದರು. ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು.

ಸೌಮ್ಯ ನಡೆದು ಹೋಗಿ ತಡವಾಗಿ ತಲುಪಿದಳು, ಪರ್ಮನೆಂಟ್ ಬೇರೆಯವಳಿಗಾಯಿತು. ಸುದ್ದಿ ಕೇಳಿ ಪಾಪಯ್ಯ, "ಪಾಪ, ಬಿಡಬೋದಿತ್ತಲ್ಲೇ," ಎಂದ.

"ಒಬ್ಬಳನ್ನ ಬಿಟ್ರೆ ನಾಳೆ ಎಲ್ರೂ ಬತ್ತಾರೆ. ಆಮೇಲೆ ವ್ಯಾನೇ ಇರಲ್ಲ." ಹಾಗೆಂದು ಅವಳು ಉಂಡು ಮಲಗಿದಳು. ನಿದ್ದೆಯೂ ಚೆನ್ನಾಗಿ ಬಂತು.

ಸುಗ್ಗಿ ಮುಗಿಯುವ ಹೊತ್ತಿಗೆ ಪಾಪಯ್ಯ ನೀರಿನ ತೊಟ್ಟಿಯ ಬಳಿ ಕುಸಿದು ಬಿದ್ದವನು ಮತ್ತೆ ಏಳಲಿಲ್ಲ. ರಾಮಕ್ಕನ ಬಳೆ ಒಡೆದರು, ಕುಂಕುಮ ಒರೆಸಿದರು. ರಾಮಕ್ಕ ಮನೆಯಲ್ಲೇ ಉಳಿದ ಆ ದಿನಗಳಲ್ಲಿ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತವಳು ಸೌಮ್ಯ. ಗಾಡಿಯವರಿಗೆಲ್ಲ ಫೋನು ಮಾಡಿ ಹೊಂದಿಸುವುದನ್ನೂ ಅವಳೇ ಕಲಿತುಬಿಟ್ಟಳು. ತಿಥಿಯ ಮಾರನೆಯ ದಿನ ಕಂಟ್ರಾಕ್ಟರ್ ರಾಮಕ್ಕನಿಗೆ ಫೋನು ಮಾಡಿ, ನಾಳೆ ಬರದಿದ್ದರೆ ಬೇರೆಯವಳನ್ನು ಇಟ್ಟುಕೊಳ್ಳುತ್ತೇನೆ ಎಂದ.

ನಡೆದರೆ ಆ ಹೊತ್ತಿಗೆ ತಲುಪುವಂತಿರಲಿಲ್ಲ. ಬಸ್ಸು ನಿಂತ ದಿನಗಳಲ್ಲಿ ಬೇರಿಕೆಯ ತನಕ ದಾಟುತ್ತಿದ್ದ ಕಾಲುಗಳು ಸೂತಕದ ದಿನಗಳಲ್ಲಿ ಊದಿಕೊಂಡಿದ್ದವು. ಬೆಳಿಗ್ಗೆ ಅವಳು ಸೆರಗು ಹೊದ್ದು ವ್ಯಾನಿನ ಹತ್ತಿರ ಬಂದಳು. ಒಳಗಿದ್ದವರು ಕಿಟಕಿಗೆ ಬಗ್ಗಿದರು.

"ಕೆಲಸಕ್ಕೆ ಹೋಗ್ಬೇಕು. ದಾರಿ ಬಿಡೇ," ಎಂದಳು.

"ನಾನೆಲ್ಲಿ ತಡೆದೆ ಅಕ್ಕ?" ಸೌಮ್ಯ ಬುಟ್ಟಿಯಿಂದ ಒಂದು ತುಂಡು ಸೇವಂತಿಗೆ ಎತ್ತಿ ಅವಳ ಮುಂದೆ ಹಿಡಿದಳು. "ಮುಡ್ಕೋ. ಹತ್ತು."

ತಿಥಿಯ ಎಡೆಯ ಎಲೆಗಳು ಇನ್ನೂ ತಿಪ್ಪೆಯ ಮೇಲೆ ಒಣಗುತ್ತಿದ್ದವು. ಅಂಥ ಹೆಂಗಸಿಗೆ ಹೂವು ಹಿಡಿದಳಲ್ಲ ಎಂದು ವ್ಯಾನಿನಲ್ಲಿ ಒಬ್ಬರೂ ಅನ್ನಲಿಲ್ಲ. ಮುಂದೇನಾಗುತ್ತದೋ ನೋಡಬೇಕಾಗಿತ್ತು ಅವರಿಗೆ. ರಾಮಕ್ಕ ಮುರಳಿಕೃಷ್ಣನ ಕಡೆ ತಿರುಗಿದಳು. "ನೀನಾದ್ರೂ ಹೇಳ್ಲಾ." ಅವನು ಕನ್ನಡಿ ಒರೆಸತೊಡಗಿದ.

ಕ್ಯಾಂಟೀನಿನ ಒಲೆ, ಹಬೆ, ಅಲ್ಲಿ ತನ್ನ ಜಾಗದಲ್ಲಿ ನಿಲ್ಲಲಿರುವ ಬೇರೆ ಹೆಂಗಸು, ಇಷ್ಟೇ ರಾಮಕ್ಕನ ಕಣ್ಣ ಮುಂದೆ ಬಂದದ್ದು. ಅವಳು ಹೂವನ್ನು ತೆಗೆದುಕೊಂಡಳು. ಸೆರಗು ಸರಿಸಿ ತುರುಬಿಗೆ ಸಿಕ್ಕಿಸಿ ಮೆಟ್ಟಿಲ ಮೇಲೆ ಕಾಲಿಟ್ಟಳು.

"ನೋಡ್ರವ್ವ, ಮುಡ್ಕೊಂಡೇಬಿಟ್ಲು," ಎಂದಿತು ಒಳಗಿನಿಂದ ಒಂದು ದನಿ.

ಸೌಮ್ಯ ಕೈಚಾಚಿ ತುರುಬಿನಿಂದ ಹೂವನ್ನು ಎಳೆದಳು. "ಹೂವು ಮುಡಿದೋರು ಹತ್ಬೋದು ಅಂತ ಕಟ್ಟು ಮಾಡ್ದೋಳು ನೀನೇ. ಕಳ್ಳ ಹೂವು ಮುಡಿದೋರ್ನ ಇಳಿಸ್ದೋಳೂ ನೀನೇ. ನಾನು ಹೊಸದಾಗಿ ಏನೂ ಮಾಡಿಲ್ಲ ಅಕ್ಕ. ಇಳಿ."

ರಾಮಕ್ಕ ಇಳಿದಳು. ಅಂದೇ ಕ್ಯಾಂಟೀನಿನಲ್ಲಿ ಬೇರೊಬ್ಬಳು ಇಡ್ಲಿ ಬೇಯಿಸಿದಳು.

ಆ ಮೇಲೆ ದೊಡ್ಡವೆಂಕಟಪ್ಪ ಹೇಳಿ ಕಳಿಸಿದ: ವ್ಯಾನು ಹೊರಡುವಾಗ ರಾಮಕ್ಕ ಬಾಗಿಲು ಹಾಕಿಕೊಂಡಿರಲಿ, ಹೂವಿನ ಗಾಡಿಗೆ ಎದುರಾಗುವುದು ಬೇಡ. ಅವಳು ಹಾಗೆಯೇ ಮಾಡಿದಳು. ಬೇರೆಯವರ ವಿಷಯದಲ್ಲಾಗಿದ್ದರೆ ಅವಳೂ ಅದನ್ನೇ ಹೇಳುತ್ತಿದ್ದಳು.

ಮಾವಿನ ಕಾಯಿ ಇಳಿಸುವ ಕಾಲಕ್ಕೆ ಕೃಷ್ಣಗಿರಿಯಿಂದ ಒಬ್ಬ ಅಧಿಕಾರಿ ವ್ಯಾನು ನೋಡಲು ಬೆಳಿಗ್ಗೆಯೇ ಬಂದ. ಮುಚ್ಚಿದ ಬಾಗಿಲ ಹಿಂದೆ ಕೂತ ರಾಮಕ್ಕನಿಗೆ ಎಲ್ಲವೂ ಕೇಳಿಸುತ್ತಿತ್ತು. ಸರ್ಕಾರ ಬಿಡಿಗಾಸು ಕೊಡದೆಯೂ ಇಷ್ಟು ಅಚ್ಚುಕಟ್ಟಾಗಿ ನಡೆಸುತ್ತಿದ್ದೀರಿ, ಉಳಿದ ಊರುಗಳೂ ನೋಡಿ ಕಲಿಯಬೇಕು ಎಂದು ಅವನು ತಮಿಳಿನಲ್ಲಿ ಹೊಗಳಿದ. ಹತ್ತುವ ಹೆಂಗಸರಿಗೆಲ್ಲ ಹೂವು ಕೊಡುವ ಮರ್ಯಾದೆ ಅವನಿಗೆ ಬಹಳ ಹಿಡಿಸಿತು. ಬುಟ್ಟಿ ಹಿಡಿದ ಸೌಮ್ಯಳನ್ನು ಮುಂದೆ ನಿಲ್ಲಿಸಿ ಫೋಟೋ ತೆಗೆಸಿದ.

"ಯಾರ ಯೋಚನೆಯಮ್ಮಾ ಇದು?" ಎಂದು ಕೇಳಿದ.

"ಊರೋರೆಲ್ಲ ಸೇರ್ಕೊಂಡು ಮಾಡಿದ್ದು ಸಾರ್," ಎಂದಳು ಸೌಮ್ಯ.

ವ್ಯಾನು ಹೊತ್ತಿಗೆ ಸರಿಯಾಗಿ ಹೊರಟಿತು. ಅದರ ಸದ್ದು ಪೂರ್ತಿ ಅಡಗಿದ ಮೇಲೆ ರಾಮಕ್ಕ ಬಾಗಿಲು ತೆಗೆದು ಜಗಲಿಗೆ ಬಂದು ಕೂತಳು. ಹಾಲಿನ ವ್ಯಾನು ಬರುವುದಕ್ಕೆ ಮಧ್ಯಾಹ್ನವಾಗಬೇಕಿತ್ತು. ಬಂದರೂ ಅವಳಿಗೆ ಅದರಲ್ಲಿ ಹೋಗಬೇಕಾದ ಜಾಗ ಯಾವುದೂ ಇರಲಿಲ್ಲ.