ಬಾಲ್ಕನಿ ಆಂಟಿಯ ನಗು

ನನ್ನ ನಗು ಚೆನ್ನಾಗಿಲ್ಲ. ಗಂಟಲಲ್ಲಿ ಗೊರ್ ಎಂದು ಶುರುವಾಗಿ, ತುಕ್ಕು ಹಿಡಿದ ಗೇಟಿನ ಹಾಗೆ ಕಿರುಗುಟ್ಟಿ, ಕೊನೆಗೆ ಮೂಗಿನಿಂದ ಹೊರಬೀಳುತ್ತದೆ. ಉಡುಪಿಯಲ್ಲಿ ಶಾಲೆಗೆ ಹೋಗುವಾಗ ಇವಳನ್ನು ಯಾರೂ ನಗಿಸಬೇಡಿ ಎಂದು ಟೀಚರು ಇಡೀ ಕ್ಲಾಸಿಗೆ ಹೇಳಿದ್ದರು. ಮದುವೆ ನಿಶ್ಚಯದ ದಿನ ಅಮ್ಮ, ಇವತ್ತೊಂದು ದಿನ ಬಾಯಿ ಮುಚ್ಚಿಕೊಂಡು ನಗು ಎಂದು ಕೈ ಮುಗಿದಿದ್ದಳು. ಈ ನಗುವಿನಿಂದಲೇ ನಾನು ಒಬ್ಬನ ಮೇಲೆ ಸೇಡು ತೀರಿಸಿಕೊಂಡೆ. ಅದನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ, ಮುಚ್ಚಿಡುವುದೇನಿದೆ.

ಆ ಒಬ್ಬ ನನ್ನ ಮೊದಲ ಕಂಪನಿಯ ಮಾಲೀಕ, ಮಂಗಳೂರಿನವನೇ. ಎದುರಿಗೆ ಸರ್ ಎನ್ನುತ್ತಿದ್ದೆ. ಇಲ್ಲಿ ಅವನು ಎಂದೇ ಬರೆಯುತ್ತೇನೆ, ಮರ್ಯಾದೆ ಕೊಟ್ಟು ಕೊಟ್ಟು ಸಾಕಾಗಿದೆ. ಎರಡು ಸಾವಿರದ ಹತ್ತು ದಾಟಿದ ಹೊಸತು. ದುಬೈಯಲ್ಲಿ ಗೇಮ್ ಆಡುವವರು ಮನೆಮನೆಯಲ್ಲಿದ್ದರು, ಮಾಡುವವರು ಬೆರಳೆಣಿಕೆಯಷ್ಟು. ಗೇಮ್ ಕಂಪನಿಯಲ್ಲಿ ಕೆಲಸ ಎಂದರೆ, ಮಾಲ್‌ನಲ್ಲಿ ಮಕ್ಕಳಿಗೆ ಟೋಕನ್ ಕೊಡುವುದಾ ಎಂದು ನೆಂಟರು ಕೇಳುತ್ತಿದ್ದರು. ಅಲ್ ಕುಸೈಸ್‌ನಲ್ಲಿ ಟೈಲ್ಸ್ ಗೋದಾಮಿನ ಮೇಲಿನ ಒಂದು ಫ್ಲ್ಯಾಟೇ ನಮ್ಮ ಆಫೀಸು. ಅಡುಗೆಮನೆಯ ಕಟ್ಟೆಯ ಮೇಲೆ ಬಗೆಬಗೆಯ ಫೋನುಗಳ ರಾಶಿ. ಒಂದೊಂದರ ಪರದೆ ಒಂದೊಂದು ಅಳತೆ; ಒಂದರಲ್ಲಿ ಸರಿಯಾಗಿ ಕಂಡ ಚಿತ್ರದ ತಲೆ ಇನ್ನೊಂದರಲ್ಲಿ ಹಾರಿಹೋಗಿರುತ್ತಿತ್ತು. ಎಲ್ಲದರಲ್ಲೂ ಆಡಿ ನೋಡಿ ತಪ್ಪು ಹಿಡಿಯುವುದು ನನ್ನ ಕೆಲಸ.

ಬೇರೆಯವರ ಗೇಮಿನ ತಪ್ಪು ಹಿಡಿಯುತ್ತಾ ಹಿಡಿಯುತ್ತಾ ನಾನೇ ಒಂದು ಗೇಮ್ ಕಟ್ಟಿದೆ. ನಮ್ಮ ಮನೆಯ ಬಾಲ್ಕನಿಯಲ್ಲಿ ನಾನು ಒಣಮೀನು ಬಿಸಿಲಿಗೆ ಹಾಕುತ್ತಿದ್ದೆ. ವಾಸನೆ ಎಂದು ವಾಚ್‌ಮನ್ ಬಂದು ರಗಳೆ ಮಾಡುತ್ತಿದ್ದ; ಪಾರ್ಕಿಂಗಿನ ಬೂದು ಬೆಕ್ಕಿಗೆ ಮಾತ್ರ ಹಬ್ಬ. ಅದು ಎಸಿ ಡಬ್ಬಗಳ ಮೇಲೆ ಜಿಗಿಯುತ್ತಾ ಮೇಲೆ ಬಂದು ಮೀನು ಕದ್ದೊಯ್ಯುತ್ತಿತ್ತು. ಗೇಮೂ ಅಷ್ಟೇ. ಆಡುವವರು ಬೆಕ್ಕು, ಮಹಡಿಯಿಂದ ಮಹಡಿಗೆ ಜಿಗಿದು ಮೀನು ಕದಿಯಬೇಕು. ನೈಟಿ ಹಾಕಿ ಸೌಟು ಹಿಡಿದ ಬಾಲ್ಕನಿ ಆಂಟಿಯ ಕೈಗೆ ಸಿಕ್ಕಿಬಿದ್ದರೆ ಆಟ ಮುಗಿಯಿತು, ಆಂಟಿ ನಗುತ್ತಾಳೆ. ಬೆಕ್ಕು, ಆಂಟಿ, ಒಂದೊಂದು ಮಹಡಿಯ ತಂತ್ರ, ಎಲ್ಲ ನನ್ನದೇ. ನಾನು ಬರೆದುಕೊಟ್ಟದ್ದನ್ನು ಮಾಲೀಕ ಓದಿ, ಪರವಾಗಿಲ್ಲ, ಮಾಡುವ ಎಂದ.

ಗೇಮ್ ಮಾಡುವಲ್ಲಿ ಒಂದು ಪದ್ಧತಿಯುಂಟು. ಸರಿಯಾದ ಧ್ವನಿ ಕಲಾವಿದರು ಸಿಗುವ ತನಕ ಆಫೀಸಿನವರೇ ಕೂಗಿ, ಕೆಮ್ಮಿ, ನಕ್ಕು ಸದ್ಯಕ್ಕೊಂದು ಧ್ವನಿ ತುಂಬಿಸಿಡುವುದು. ಆಂಟಿಯ ನಗು ನನ್ನ ಪಾಲಿಗೆ ಬಂತು. ಒಳಕೋಣೆಯ ಗೋಡೆಗೆ ಕಂಬಳಿ ತೂಗುಹಾಕಿ, ಸದ್ದು ಬರುತ್ತದೆಂದು ಎಸಿ ಆರಿಸಿ, ಜುಲೈ ತಿಂಗಳಲ್ಲಿ ಬಾಗಿಲು ಹಾಕಿ ನನ್ನನ್ನು ಕೂರಿಸಿದರು. ಉಳ್ಳಾಲದ ಕಡೆಯ ಬ್ಯಾರಿ ಪ್ರೋಗ್ರಾಮರ್ ಮೈಕ್ ಹಿಡಿದು, “ಅಕ್ಕಾ, ಒಂದು ನಗಿ ಅಕ್ಕಾ” ಎಂದು ಅಂಗಲಾಚುತ್ತಿದ್ದ. ಬೆವರು ಕಣ್ಣಿಗಿಳಿಯುವಾಗ ಯಾರಿಗೆ ನಗು ಬರುತ್ತದೆ? ಹಿಹಿ ಎಂದೆ, ಹಹ್ಹ ಎಂದೆ, ಯಾವುದೂ ಸರಿಬರಲಿಲ್ಲ.

ಹೊರಗೆ ತಣ್ಣಗೆ ಕುಳಿತಿದ್ದ ಮಾಲೀಕ ತಾಳ್ಮೆಗೆಟ್ಟು ಬಾಗಿಲು ದೂಡಿಕೊಂಡು ಬಂದ. “ಎಂತ ಮಾರಾಯ್ತಿ, ಒಂದು ನಗ್ಲಿಕ್ಕೆ ಇಷ್ಟು ಹೊತ್ತಾ?” ಆರಿಸಿದ ಎಸಿಯಿಂದ ತೊಟ್ಟಿಕ್ಕಿದ ನೀರು ಬಾಗಿಲ ಬಳಿ ನಿಂತಿತ್ತು. ಕಾಲು ಜಾರಿತು. ಅವನು ನೆಲದ ಮೇಲೆ, ಕೈಯಲ್ಲಿದ್ದ ಸುಲೈಮಾನಿ ಚಹಾ ಅವನ ಬಿಳಿ ಅಂಗಿಯ ಮೇಲೆ. ಪೆಟ್ಟು ಬಿದ್ದದ್ದು ಮರ್ಯಾದೆಗೆ ಮಾತ್ರ. ನಾನು ನಕ್ಕೆ. ಮೂಗಿನಿಂದಲೂ ನಕ್ಕೆ. ಪ್ರೋಗ್ರಾಮರ್ ಮೈಕ್ ಆರಿಸಿರಲಿಲ್ಲ.

ಕೆಲವು ವಾರಗಳ ನಂತರ ಹಣ ಹಾಕುವವರು ಅಬುಧಾಬಿಯಿಂದ ಬಂದರು. ಮಾಲೀಕ ಎದೆಯ ಮೇಲೆ ಕೈಯಿಟ್ಟು, ನಾನು ಬೆಕ್ಕುಗಳ ಜೊತೆಯೇ ಬೆಳೆದವನು, ಈ ಗೇಮ್ ನನ್ನ ಬಾಲ್ಯ ಎಂದು ಇಂಗ್ಲಿಷಿನಲ್ಲಿ ಹೇಳಿದ. ಅವನೋ ಬೆಕ್ಕಿನ ರೋಮ ಸೋಕಿದರೆ ಸೀನುವ ಮನುಷ್ಯ. ಆಫೀಸಿನ ಮೆಟ್ಟಿಲಲ್ಲಿ ಬೆಕ್ಕು ಕೂತಿದ್ದರೆ ಯಾರನ್ನಾದರೂ ಕರೆಸಿ ಓಡಿಸಿದ ಮೇಲೆಯೇ ಹತ್ತಿ ಬರುತ್ತಿದ್ದ. ನಾನು ತುಟಿ ಕಚ್ಚಿಕೊಂಡೆ, ಕೆಮ್ಮಿದೆ, ಆಗಲಿಲ್ಲ. ನಗು ಬಂದೇಬಿಟ್ಟಿತು.

ಮರುದಿನ ಕರೆದು ಹೇಳಿದ. “ನಾಳೆಯಿಂದ ನೀನು ಬರುವುದು ಬೇಡ. ನಿನ್ನ ನಗು ನಮ್ಮ ಕಂಪನಿಗೆ ಆಗಿ ಬರುವುದಿಲ್ಲ. ಖಲಾಸ್.”

ನನ್ನ ವೀಸಾ ಗಂಡನ ಹೆಸರಿನಲ್ಲಿತ್ತು, ಹಾಗಾಗಿ ದೇಶ ಬಿಡಬೇಕಾಗಲಿಲ್ಲ. ಮನೆಯಲ್ಲಿ ಕೂತೆ. ಒಂದು ಸಂಜೆ ಮಗಳು ಟ್ಯಾಬ್ ಹಿಡಿದುಕೊಂಡು ಓಡಿಬಂದಳು. “ಅಮ್ಮಾ, ದಟ್ಸ್ ಯು!” ಟ್ಯಾಬಿನೊಳಗಿಂದ ನಾನೇ ನಗುತ್ತಿದ್ದೆ. ಸದ್ಯಕ್ಕೆಂದು ತುಂಬಿಸಿದ್ದನ್ನು ಬದಲಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಕೊನೆಯಲ್ಲಿ ಹೆಸರುಗಳು ಬಂದವು. ಕಲ್ಪನೆ ಅವನದು, ಕಥೆ ಅವನದು, ವಿನ್ಯಾಸ ಅವನದು, ವಿಶೇಷ ಕೃತಜ್ಞತೆ ಅವನ ಹೆಂಡತಿಗೆ. ನನ್ನ ಹೆಸರು ಎಲ್ಲೂ ಇಲ್ಲ.

ಆ ಗೇಮ್ ಹುಚ್ಚು ಹಿಡಿಸಿತು. ಮೆಟ್ರೋದಲ್ಲಿ, ಲಿಫ್ಟಿನಲ್ಲಿ, ಕ್ಲಿನಿಕ್ಕಿನ ಬೆಂಚಿನಲ್ಲಿ ನನ್ನ ನಗು. ಮಕ್ಕಳು ಮೂಗಿನಿಂದ ನಗಲು ಕಲಿತರು. ನಾನು ಅಬುಧಾಬಿಯ ಖಾಲಿದಿಯಾದಲ್ಲಿದ್ದ ಒಂದು ಗೇಮ್ ಕಂಪನಿಗೆ ಕೆಲಸ ಕೇಳಿಕೊಂಡು ಹೋದೆ. ಆ ಬೆಕ್ಕಿನ ಗೇಮ್ ನನ್ನದು ಎಂದೆ. ಹಾಗಾದರೆ ನಿಮ್ಮ ಹೆಸರೆಲ್ಲಿದೆ ಎಂದು ಸಂದರ್ಶನಕ್ಕೆ ಕೂತಿದ್ದ ಹೆಂಗಸು ಕೇಳಿದಳು. ನನ್ನ ಎದುರಿಗೇ ಮಾಲೀಕನಿಗೆ ಫೋನ್ ಹಚ್ಚಿದಳು. ಫೋನಿಟ್ಟ ಮೇಲೆ ಮುಖ ಚಿಕ್ಕದು ಮಾಡಿಕೊಂಡು, ನೀವು ಅಲ್ಲಿ ಚಹಾ ಮತ್ತು ಸ್ಟೇಷನರಿ ನೋಡಿಕೊಳ್ಳುತ್ತಿದ್ದಿರಂತಲ್ಲ ಎಂದಳು. ಅಬುಧಾಬಿಯಿಂದ ದುಬೈಗೆ ವಾಪಸು ಬರುವ ಬಸ್ಸಿನಲ್ಲಿ ನನಗೆ ಅಳು ಬರಲಿಲ್ಲ, ಹೊಟ್ಟೆ ಉರಿಯಿತು. ಕೆಲಸದಿಂದ ತೆಗೆದದ್ದನ್ನು ಮರೆಯುತ್ತಿದ್ದೆನೋ ಏನೋ. ಚಹಾ ಎಂದದ್ದನ್ನು ಮರೆಯುವುದಿಲ್ಲ ಎಂದುಕೊಂಡೆ. ಮರೆಯಲೂ ಇಲ್ಲ.

ಮರುವರ್ಷ ಬ್ಯಾರಿ ಪ್ರೋಗ್ರಾಮರ್ ಗುಟ್ಟಾಗಿ ಫೋನ್ ಮಾಡಿದ. ಗೇಮಿನ ಎರಡನೆಯ ಭಾಗ ತಯಾರಾಗುತ್ತಿತ್ತು. ಅದರಲ್ಲಿ ಆಂಟಿ ಹತ್ತಾರು ಬಗೆಯಲ್ಲಿ ನಗಬೇಕು, ಅವರ ಹತ್ತಿರ ಇದ್ದದ್ದು ಹಳೆಯ ಒಂದೇ ನಗು. ಯಾರೋ ಪಳಗಿದ ಕಲಾವಿದೆಯಿಂದ ನಗಿಸಿದ್ದರಂತೆ. ಮಕ್ಕಳಿಗೆ ಆಡಲು ಕೊಟ್ಟರೆ ಎಲ್ಲರದೂ ಒಂದೇ ರಾಗ, ಇದು ಆಂಟಿ ಅಲ್ಲ.

“ಅಕ್ಕಾ, ಅವರು ನಿಮಗೆ ಫೋನ್ ಮಾಡ್ತಾರೆ. ಸುಮ್ಮನೆ ಒಪ್ಪಿಬಿಡ್ಬೇಡಿ ಮತ್ತೆ.”

ಮಾಲೀಕ ಫೋನ್ ಮಾಡಿದ. ನೀನು ಎನ್ನುತ್ತಿದ್ದವನು ನೀವು ಎಂದ, ಮಾರಾಯ್ತಿ ಹೋಗಿ ಮಾರಾಯ್ರೆ ಆಗಿತ್ತು. ನಾನು ಬೇರೆ ಮಾತೇ ಆಡಲಿಲ್ಲ. “ಮೊದಲು ಹಳೆಯ ಗೇಮಿನಲ್ಲಿ ನನ್ನ ಹೆಸರು ಬರ್ಲಿ ಸರ್. ಕಲ್ಪನೆ, ಕಥೆ, ವಿನ್ಯಾಸ, ಮೂರರಲ್ಲೂ. ಆಮೇಲೆ ಮೈಕ್ ಹಿಡ್ಕೊಂಡು ನನ್ನ ಮನೆಗೆ ಬನ್ನಿ.”

ಗೊಣಗಿದ, ರೇಗಿದ, ಕೊನೆಗೆ ಒಪ್ಪಿದ. ಹೆಸರು ಬಂತು. ಅದನ್ನು ತೋರಿಸಿದ ಮೇಲೆ ಖಾಲಿದಿಯಾದವರು ಕೆಲಸ ಕೊಟ್ಟರು. ಮುಂದೆ ಬಹಳ ವರ್ಷ ನಾನು ಅಲ್ಲಿಯೇ ಗೇಮ್ ಮಾಡಿದೆ. ಇಷ್ಟಕ್ಕೆ ಸುಮ್ಮನಾಗಬಹುದಿತ್ತು ಎಂದು ನನ್ನ ಗಂಡ ಈಗಲೂ ಹೇಳುತ್ತಾರೆ. ಅವರು ಒಳ್ಳೆಯವರು.

ಅವನು ಬಂದದ್ದು ಮತ್ತೆ ಜುಲೈಯಲ್ಲೇ, ಒಬ್ಬನೇ. ನಾನು ಕೋಣೆಯ ಗೋಡೆಗೆ ಕಂಬಳಿ ತೂಗುಹಾಕಿದ್ದೆ. ಬಾಗಿಲು ಹಾಕಿದೆ, ಎಸಿ ಆರಿಸಿದೆ. “ಸದ್ದು ಬರ್ತದಲ್ಲ, ಸರ್.” ಅವನು ಮೈಕ್ ಹಿಡಿದು ಕೂತ. ನಾನು ಎದುರಿಗೆ ಕೂತೆ, ಮುಖ ಬಿಗಿದುಕೊಂಡು.

“ನಗಿ ಮಾರಾಯ್ರೆ.”

“ನಗು ಬರ್ಬೇಕಲ್ಲ, ಸರ್.”

ಅವನು ಜೋಕು ಹೇಳಿದ. ಕಾಲೇಜಿನ ಕಾಲದ ಜೋಕು, ಗಂಡ ಹೆಂಡತಿ ಜೋಕು. ನಾನು ಗೋಡೆ ನೋಡಿದೆ. ಅಂಗಿ ಬೆನ್ನಿಗೆ ಅಂಟಿತು, ಗಲ್ಲದಿಂದ ಬೆವರು ಮೈಕಿನ ಮೇಲೆ ಬಿತ್ತು. ನನಗೂ ಬೆವರು ಕಿತ್ತುಕೊಂಡು ಬರುತ್ತಿತ್ತು, ಆದರೆ ನಾನು ಆ ದಿನಕ್ಕಾಗಿ ವರ್ಷವಿಡೀ ಕಾದಿದ್ದವಳು.

“ಹೋದ ಸಲ ಮೈಕಿನ ಎದುರು ನನಗೆ ಯಾಕೆ ನಗು ಬಂದದ್ದು, ನೆನಪುಂಟಾ ಸರ್?”

ಅವನಿಗೆ ನೆನಪಿತ್ತು. ಮೈಕನ್ನು ಮೇಜಿನ ಮೇಲಿಟ್ಟು ಎದ್ದು, ಬಾಗಿಲ ತನಕ ಹೋಗಿ, ತಿರುಗಿ ಬರುತ್ತಾ ಕಾಲು ಜಾರಿದವನಂತೆ ಬಿದ್ದ. ಮಂಚದ ಅಂಚು ಹಿಡಿದುಕೊಂಡು, ಮೆಲ್ಲಗೆ, ಪ್ಯಾಂಟಿನ ಗೆರೆ ಕೆಡದ ಹಾಗೆ ಬಿದ್ದ.

“ಇದು ಆ್ಯಕ್ಟಿಂಗ್ ಆಯ್ತು, ಸರ್.”

ಇನ್ನೊಮ್ಮೆ ಬಿದ್ದ. ಈ ಸಲ ಮೊಣಕೈ ತಾಗಿ ಅಯ್ಯೋ ಎಂದ. ನನಗೆ ಒಳಗೆ ಹಾಲು ಕುಡಿದಷ್ಟು ಸಂತೋಷವಾಯಿತು, ನಗು ಮಾತ್ರ ಬರಗೊಡಲಿಲ್ಲ. ಅವನು ನೆಲದಿಂದೇಳುತ್ತಾ, “ನೀನು ಬೇಕಂತಲೇ ಮಾಡ್ತಾ ಇದ್ದಿ” ಎಂದ. ಮತ್ತೆ ನೀನು ಆಗಿತ್ತು.

“ಹೌದು,” ಎಂದೆ. “ಹೋಗ್ತಾ ಚಹಾ ಕುಡ್ದು ಹೋಗಿ. ಚಹಾ ನಾನು ಚೆನ್ನಾಗಿ ಮಾಡ್ತೇನಂತೆ.”

ಅವನು ಮೈಕನ್ನು ಬ್ಯಾಗಿಗೆ ತುರುಕಿ ಬಾಗಿಲು ಬಡಿದುಕೊಂಡು ಹೋದ. ನಾನು ಎಸಿ ಹಾಕಿ ಬಾಲ್ಕನಿಗೆ ಬಂದೆ. ಸಂಜೆಯಾಗಿತ್ತು, ಕೆಳಗೆ ಮಕ್ಕಳು ಆಡುತ್ತಿದ್ದರು. ಅವನ ಕಾರಿನ ಮೇಲೆ ಬೂದು ಬೆಕ್ಕು ಕಾಲು ಚಾಚಿ ಮಲಗಿತ್ತು. ಅವನು ಹುಶ್ ಎಂದ. ಅದು ಏಳಲಿಲ್ಲ. ಬ್ಯಾಗು ಬೀಸಿದ. ಬೆಕ್ಕು ಎದ್ದು, ಮೈ ಮುರಿದು, ಅವನ ಹೆಗಲ ಮೇಲಿಂದ ಹಾರಿ ಹೋಯಿತು. ಅವನು ಸೀನಿದ. ಮತ್ತೆ ಸೀನಿದ. ಕಾರಿನ ಕೀಲಿ ಕೈಯಿಂದ ಬಿತ್ತು, ಬಗ್ಗಿ ಹೆಕ್ಕುವಾಗಲೂ ಸೀನಿದ.

ಆಗ ನನಗೆ ನಗು ಬಂತು. ಗಂಟಲಿನಿಂದ ಬಂತು, ಮೂಗಿನಿಂದಲೂ ಬಂತು, ಇಡೀ ಬಿಲ್ಡಿಂಗ್ ಕೇಳುವ ಹಾಗೆ ಬಂತು. ಮಕ್ಕಳು ಆಟ ನಿಲ್ಲಿಸಿ ಮೇಲೆ ನೋಡಿ, “ಆಂಟಿ! ಬಾಲ್ಕನಿ ಆಂಟಿ!” ಎಂದು ಕುಣಿದರು. ಅವನೂ ಮೇಲೆ ನೋಡಿದ. ನೋಡಿದವನೇ ಬ್ಯಾಗಿನ ಜಿಪ್ಪು ಎಳೆದು ಮೈಕಿಗೆ ತಡಕಾಡತೊಡಗಿದ. ಅದು ಅವನ ಕೈಗೆ ಸಿಗುವಷ್ಟರಲ್ಲಿ ನಾನು ನಕ್ಕು ಮುಗಿಸಿ ಒಳಗೆ ಬಂದು ಬಾಗಿಲು ಹಾಕಿಕೊಂಡಿದ್ದೆ.